ಸ್ಟಾರ್ಟ್ ಆಗೋದೇ ಬೇರೆ, ಓಡೋದೇ ಬೇರೆ: ಬ್ಯಾಟರಿ ಮೇಲೆ ಟ್ರೇಲರ್ ಎಸಿ, ಎರಡು ಬೇಸಿಗೆ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಸಿ ಏಳುವಾಗಿನ ಕರೆಂಟಿನ ಹೊಡೆತ ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಅನ್ನುವ ಡಬ್ಬಿ ಹಾಕಿದರೆ ಎಸಿ ಕಡಿಮೆ ಕರೆಂಟ್ ತಿನ್ನುವುದಿಲ್ಲ. ರಾತ್ರಿಯ ಲೆಕ್ಕದಲ್ಲಿ ಅರ್ಧ ಯೂನಿಟ್ಟೂ ಉಳಿಯುವುದಿಲ್ಲ. ಉಳಿಯುತ್ತದೆ ಅಂದುಕೊಂಡೇ ನಾನು ಅದನ್ನು ಕೊಂಡಿದ್ದು. ಆದರೂ ಕೊಂಡಿದ್ದಕ್ಕೆ ಬೇಜಾರಿಲ್ಲ. ಇವೆರಡೂ ಹೇಗೆ ನಿಜ ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಹುಟ್ಟಿ ಬೆಳೆದಿದ್ದು ರಾಯಚೂರು. ಹಾಗಾಗಿ ಬಿಸಿಲು ನನಗೆ ಹೊಸದಲ್ಲ. 1,720 ಮೆಗಾವ್ಯಾಟಿನ ಶಕ್ತಿನಗರ ಥರ್ಮಲ್ ಸ್ಟೇಷನ್ನಿನ ಹೊಗೆ ನೋಡುತ್ತಾ ಬೆಳೆದು, ಅದೇ ಊರಲ್ಲಿ ಕರೆಂಟಿಲ್ಲದೆ ಮಾಳಿಗೆ ಮೇಲೆ ನೀರು ಚಿಮುಕಿಸಿಕೊಂಡು ಮಲಗಿದವನು ನಾನು. ಆದರೆ ಫೀನಿಕ್ಸಿನದು ಬೇರೆಯೇ ಜಾತಿಯ ಬಿಸಿಲು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸತತ 31 ದಿನ, ಇಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 43 ಡಿಗ್ರಿಗಿಂತ ಜಾಸ್ತಿ. ಮುಂದೆ ಬರುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟೇ. ಸರಿಯಾಗಿ ಆ ತಿಂಗಳಲ್ಲೇ ನಾವು ಹಳೆಯ ಟ್ರೇಲರ್ ಒಂದನ್ನು ಕೊಂಡೆವು. ಆ ಬಿಸಿಲಲ್ಲಿ ಬೇರೆ ಯಾರೂ ನೋಡಲು ಬರುತ್ತಿರಲಿಲ್ಲ, ಅದಕ್ಕೇ ಅಗ್ಗಕ್ಕೆ ಸಿಕ್ಕಿತು.

ಆರ್‌ವಿ ನೋಡದವರಿಗೆ ಒಂದು ಮಾತು. ಇದು ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ 22 ಅಡಿಯ ಮನೆ. ಒಲೆ, ಫ್ರಿಜ್, ಬಚ್ಚಲು, ಐದು ಜನ ಮಲಗುವಷ್ಟು ಜಾಗ. ತಾರಸಿ ಮೇಲೆ ಒಂದು ಎಸಿ, 13,500 ಬಿಟಿಯು. 12,000 ಬಿಟಿಯುಗೆ ಒಂದು ಟನ್ ಅಂತ ಲೆಕ್ಕ. ಅಂದರೆ ಒಂದು ಟನ್‌ಗಿಂತ ಒಂದು ಗುಟುಕು ಜಾಸ್ತಿ. ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ವೈರ್ ಸಿಕ್ಕಿಸಿದರೆ ಎಸಿ ಓಡುತ್ತದೆ. ಕಂಬ ಇಲ್ಲದ ಜಾಗದಲ್ಲಿ ಅದು ತಾರಸಿ ಮೇಲಿನ ಒಂದು ಗಂಟು ಅಷ್ಟೇ. ಚೆಂದದ ಜಾಗಗಳಲ್ಲಿ ಸಾಮಾನ್ಯವಾಗಿ ಕಂಬ ಇರುವುದಿಲ್ಲ.

ನನ್ನ ಸೆಟಪ್ ಹೀಗಿದೆ. ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಒಂದೊಂದೂ 12.8 ವೋಲ್ಟ್, 100 ಆಂಪಿಯರ್ ಅವರ್. ಒಟ್ಟು 5,120 ವ್ಯಾಟ್ ಅವರ್, ಜೆಸ್ಕಾಂ ಬಿಲ್ಲಿನ ಭಾಷೆಯಲ್ಲಿ 5 ಯೂನಿಟ್. ವಿಕ್ಟ್ರಾನ್ ಕಂಪನಿಯ ಮಲ್ಟಿಪ್ಲಸ್ 12/3000 ಇನ್ವರ್ಟರ್. ತಾರಸಿ ಮೇಲೆ 200 ವ್ಯಾಟಿನ ಮೂರು ಸೋಲಾರ್ ಪ್ಯಾನೆಲ್. ಬ್ಯಾಟರಿಗೆ ಹೋಗುವ ಬರುವ ಪ್ರತಿ ಆಂಪಿಯರ್ ಎಣಿಸುವ ಒಂದು ಶಂಟ್. ಎಸಿ ಒಳಗೆ ಮೈಕ್ರೋ-ಏರ್ ಅವರ ಈಸಿಸ್ಟಾರ್ಟ್ 364 ಅನ್ನುವ ಸಾಫ್ಟ್ ಸ್ಟಾರ್ಟರ್. ನಾನು ಕೊಟ್ಟಿದ್ದು 300 ಡಾಲರ್ ಆಸುಪಾಸು.

ಇದರಲ್ಲಿ ಎರಡು ತೊಂದರೆ ಇವೆ, ಎಲ್ಲರೂ ಎರಡನ್ನೂ ಕಲಸಿ ಒಂದೇ ಮಾಡುತ್ತಾರೆ. ನಾನೂ ಮಾಡಿದ್ದೆ. ಒಂದು, ಎಸಿ ಸ್ಟಾರ್ಟ್ ಆಗಬೇಕು. ಇನ್ನೊಂದು, ಸ್ಟಾರ್ಟ್ ಆದ ಮೇಲೆ ಓಡುತ್ತಿರಬೇಕು.

ಮೊದಲನೆಯದನ್ನು ನೋಡೋಣ. ನಮ್ಮ ಹೊಲದ ಪಂಪ್‌ಸೆಟ್ ಕಂಡವರಿಗೆ ಇದು ಹೇಳಿಕೊಡಬೇಕಿಲ್ಲ. ವೋಲ್ಟೇಜ್ ಕಮ್ಮಿ ಇದ್ದಾಗ ಮೋಟಾರ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ಸುಟ್ಟು, ರೀವೈಂಡಿಂಗ್ ಅಂಗಡಿಗೆ ಹೊತ್ತೊಯ್ಯಬೇಕು. ಎಸಿಯ ಕಂಪ್ರೆಸರ್ ಕೂಡ ಅಂಥದೇ ಮೋಟಾರ್. ನಿಂತಲ್ಲಿಂದ ಏಳುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಕ್ಲಾಂಪ್ ಮೀಟರ್ ಹಾಕಿ ನೋಡಿದೆ. ನನ್ನ ಎಸಿ ಓಡುವಾಗ 12 ಆಂಪಿಯರ್, ಏಳುವಾಗ 61. ಅದಕ್ಕೂ ಮೊದಲು ಗೆಳೆಯನ 2,200 ವ್ಯಾಟಿನ ಚಿಕ್ಕ ಜನರೇಟರ್ ತಂದು ಸಿಕ್ಕಿಸಿದ್ದೆ. ಅದು ಒಂದು ಸಲ ಕೆಮ್ಮಿ ನಿಂತೇಬಿಟ್ಟಿತು. ಪಾಪ, ಅದರ ತಪ್ಪೇನಿಲ್ಲ.

ಸಾಫ್ಟ್ ಸ್ಟಾರ್ಟರ್ ಈ ಏಳುವ ಗಳಿಗೆಯನ್ನು ಮೆತ್ತಗೆ ಮಾಡುತ್ತದೆ. ಅಂಗೈ ಅಗಲದ ಡಬ್ಬಿ, ನಾಲ್ಕು ವೈರ್. ತಾರಸಿ ಹತ್ತಿ, ಎಸಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಹಳೆಯ ಸ್ಟಾರ್ಟ್ ಕೆಪಾಸಿಟರ್ ತೆಗೆದು, ಇದನ್ನು ಸೇರಿಸಬೇಕು. ಬೆಳಿಗ್ಗೆ ಐದಕ್ಕೆ ಹತ್ತಿದೆ, ಏಳಕ್ಕೆ ಇಳಿದೆ. ಆರೂವರೆಗೇ ತಾರಸಿಯ ರಬ್ಬರ್ ಮೇಲೆ ಮಂಡಿ ಸುಡಲು ಶುರುವಾಗಿತ್ತು. ಒಂದು ಎಚ್ಚರಿಕೆ: ಮೇನ್ ಆಫ್ ಮಾಡಿದರೂ ಕೆಪಾಸಿಟರ್ ಒಳಗೆ ಕರೆಂಟ್ ಕೂತಿರುತ್ತದೆ. ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಸಿ, ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ.

ಹಾಕಿದ ಮೇಲೆ ಮೊದಲ ಐದು ಸಲ ಅದು ಕಂಪ್ರೆಸರ್‌ನ ಸ್ವಭಾವ ಕಲಿಯುತ್ತದೆ. ಆ ಐದು ಸ್ಟಾರ್ಟನ್ನು ಮನೆಯ ಕರೆಂಟಿನಲ್ಲೇ ಮಾಡಿಸಿದೆ. ಆರನೆಯದಕ್ಕೆ ಮೀಟರ್ ನೋಡಿದರೆ 22 ಆಂಪಿಯರ್. 61ರಿಂದ 22! ಮೊದಲು ಎಸಿ ಏಳುವಾಗ ಒಳಗಿನ ದೀಪಗಳು ಮಂಕಾಗಿ ಡಬ್ ಅಂತ ಸದ್ದು ಬರುತ್ತಿತ್ತು. ಈಗ ಯಾವಾಗ ಎದ್ದಿತು ಅಂತಲೇ ತಿಳಿಯುವುದಿಲ್ಲ. ಅದೇ ಗೆಳೆಯನ ಜನರೇಟರ್ ಈಗ ಆರಾಮಾಗಿ ಇದನ್ನು ಎಬ್ಬಿಸುತ್ತದೆ.

ಇದನ್ನು ಹಾಕಿದ ವರ್ಷದ ಮೇ ತಿಂಗಳಲ್ಲಿ ಅಪ್ಪ, ಅವ್ವ ಬಂದಿದ್ದರು. ಅಪ್ಪನಿಗೆ ಈ ಡಬ್ಬಿಯ ಬಗ್ಗೆ ಹತ್ತು ನಿಮಿಷ ವಿವರಿಸಲು ತಯಾರಾಗಿ ಕೂತೆ. ಅವರು ಅರ್ಧಕ್ಕೇ ತಡೆದು, "ಅಂದ್ರ ಸ್ಟಾರ್ ಡೆಲ್ಟಾ ಇದ್ದಂಗ ಅಲ್ಲೇನು?" ಅಂದರು. ಸ್ಟಾರ್ ಡೆಲ್ಟಾ ಅಂದರೆ ದೊಡ್ಡ ಪಂಪ್ ಮೋಟಾರನ್ನು ಮೆತ್ತಗೆ ಎಬ್ಬಿಸುವ ಸ್ಟಾರ್ಟರ್. ಒಳಗಿನ ಕೆಲಸದ ರೀತಿ ಬೇರೆ. ಆದರೆ ಉದ್ದೇಶ ಅದೇ, ಎರಡು ಮಾತಿಲ್ಲ. ಮರುಗಳಿಗೆಗೇ ಅವರು ಇನ್ನೊಂದು ಕೇಳಿದರು. "ಸ್ಟಾರ್ ಡೆಲ್ಟಾ ಹಾಕಿದ್ರ ಬಿಲ್ ಕಮ್ಮಿ ಬರಂಗಿಲ್ಲಲ್ಲಪಾ?" ವೀಡಿಯೊ ನೋಡಿ ನೋಡಿ ನಾನು ಎರಡು ತಿಂಗಳಲ್ಲಿ ಕಾಣದ್ದನ್ನು ಅವರು ಕುರ್ಚಿಯಲ್ಲಿ ಕೂತೇ ಹೇಳಿಬಿಟ್ಟರು.

ಏಳುವ ಕರೆಂಟ್ ಇರುವುದು ಸೆಕೆಂಡಿನ ಒಂದು ಚೂರಿನಷ್ಟು ಹೊತ್ತು. ಬ್ಯಾಟರಿ ಖಾಲಿಯಾಗುವುದು ಆಮೇಲಿನ ಗಂಟೆಗಳಲ್ಲಿ. ಇಲ್ಲಿನ ಕರೆಂಟ್ 120 ವೋಲ್ಟ್, ಎಸಿಗೆ 12 ಆಂಪಿಯರ್, ಸುಮಾರು 1,400 ವ್ಯಾಟ್. ಇನ್ವರ್ಟರ್ ತಾನೂ ನೂರರಲ್ಲಿ ಹತ್ತು ಪಾಲು ತಿನ್ನುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೋಗುವುದು 1,550 ವ್ಯಾಟ್. ಇದನ್ನು 12.8 ವೋಲ್ಟಿನಿಂದ ಭಾಗಿಸಿ, 121 ಆಂಪಿಯರ್! ಮಧ್ಯಾಹ್ನ 108 ಡಿಗ್ರಿ ಇದ್ದಾಗ ಕಂಪ್ರೆಸರ್‌ಗೆ ಇನ್ನೂ ತ್ರಾಸ. ಆಗ ಇದು 140ರ ಹತ್ತಿರ ಹೋಗುತ್ತದೆ.

ಈ 121 ಆಂಪಿಯರ್ ಅನ್ನುವುದು ಹುಡುಗಾಟವಲ್ಲ. ಇಲ್ಲಿ ನನ್ನ ದೂರು ಒಂದಿದೆ. ಇನ್ವರ್ಟರ್ ಮತ್ತು ಬ್ಯಾಟರಿ ಕೂರಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಹೆಸರು ಬೇಡ. ಕೂಲಿಯೇ 1,400 ಡಾಲರ್. ಮನೆಗೆ ತಂದು ಎಸಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಸೋಫಾ ಕೆಳಗಿನಿಂದ ಬೆಚ್ಚಗಿನ ವಾಸನೆ. ಕೇಬಲ್ ಮುಟ್ಟಿದರೆ ಬಿಸಿ. ಬ್ಯಾಟರಿ ತುದಿಯಲ್ಲಿ 13 ವೋಲ್ಟ್, ಇನ್ವರ್ಟರ್ ತುದಿಯಲ್ಲಿ 12.6. ಅವರು ಹಾಕಿದ್ದು 2 ಗೇಜಿನ ಕೇಬಲ್, ಹೋಗಲು ಹತ್ತು ಅಡಿ, ಬರಲು ಹತ್ತು ಅಡಿ. 0.4 ವೋಲ್ಟ್ ಅಂದರೆ ಚಿಲ್ಲರೆ ಅನ್ನಿಸುತ್ತದೆ ಅಲ್ವಾ? 121ರಿಂದ ಗುಣಿಸಿ ನೋಡಿ. 48 ವ್ಯಾಟ್ ಸುಮ್ನೆ ಕೇಬಲ್ ಕಾಯಿಸಲು ಹೋಗುತ್ತಿತ್ತು. ಅದೂ ತಂಪು ಮಾಡಬೇಕಾದ ಕೋಣೆಯೊಳಗೇ!

ಇನ್ನೂ ಎರಡು ತಪ್ಪು ಇದ್ದವು. ಫ್ಯೂಸನ್ನು ಇನ್ವರ್ಟರ್ ಪಕ್ಕ ಹಾಕಿದ್ದರು. ಅದು ಇರಬೇಕಾದ್ದು ಬ್ಯಾಟರಿಯ ಪ್ಲಸ್ ಪಕ್ಕ. ನಡುವಿನ ಹತ್ತು ಅಡಿಯಲ್ಲಿ ಎಲ್ಲಾದರೂ ಕೇಬಲ್ ಸವೆದು ಶಾರ್ಟ್ ಆದರೆ ತಡೆಯಲು ಏನೂ ಇರಲಿಲ್ಲ. ಮತ್ತೆ, ಪ್ಲಸ್ ಮೈನಸ್ ಎರಡನ್ನೂ ಮೊದಲ ಬ್ಯಾಟರಿಯಿಂದಲೇ ತೆಗೆದಿದ್ದರು. ಹಾಗೆ ಮಾಡಿದರೆ ಮೊದಲನೆಯದು ಎತ್ತಿನ ಹಾಗೆ ದುಡಿಯುತ್ತದೆ, ಕೊನೆಯದು ಮಠದ ಸ್ವಾಮಿಯ ಹಾಗೆ ಕೂತಿರುತ್ತದೆ. ಪ್ಲಸ್ಸನ್ನು ಒಂದು ತುದಿಯಿಂದ, ಮೈನಸ್ಸನ್ನು ಇನ್ನೊಂದು ತುದಿಯಿಂದ ತೆಗೆದರೆ ನಾಲ್ಕೂ ಸಮ ಹೊರುತ್ತವೆ. ಅಂಗಡಿಗೆ ಫೋನ್ ಮಾಡಿದೆ. "ಎಲ್ಲರಿಗೂ ಹೀಗೇ ಹಾಕುತ್ತೇವೆ" ಅಂದರು. ಅದೇ ಭಯ ನನಗೆ. ಕೊನೆಗೆ ನಾನೇ ಬಿಚ್ಚಿದೆ. ಇನ್ವರ್ಟರನ್ನು ಬ್ಯಾಟರಿ ಹತ್ತಿರ ತಂದೆ. ಹೆಬ್ಬೆರಳು ದಪ್ಪದ 4/0 ಕೇಬಲ್ ಎಳೆದೆ. ಬ್ಯಾಟರಿ ಬಾಯಲ್ಲೇ 400 ಆಂಪಿಯರಿನ ಕ್ಲಾಸ್ ಟಿ ಫ್ಯೂಸ್ ಕೂರಿಸಿದೆ. ಈಗ ಕೇಬಲ್ ಮುಟ್ಟಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ.

(ಹೊಸದಾಗಿ ಶುರುಮಾಡುವವರು 48 ವೋಲ್ಟಿನ ಬ್ಯಾಟರಿ ಯೋಚಿಸಿ. ಅದೇ 1,550 ವ್ಯಾಟಿಗೆ ಅಲ್ಲಿ 30 ಆಂಪಿಯರ್ ಸಾಕು. ಕೇಬಲ್ ತೆಳ್ಳಗೆ, ತಲೆನೋವೂ ತೆಳ್ಳಗೆ.)

ಎಲ್ಲ ಸರಿಮಾಡಿ ಮನೆ ಮುಂದೆ ಮೊದಲ ಪರೀಕ್ಷೆ. ಜೂನ್, ಸಂಜೆ ಏಳು, ಹೊರಗೆ 102. ಬ್ಯಾಟರಿ ತುಂಬಿತ್ತು. ಎಸಿ 76ಕ್ಕೆ ಇಟ್ಟೆ. 3 ಗಂಟೆ 10 ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಅಷ್ಟರಲ್ಲಿ ಕಂಪ್ರೆಸರ್ ಒಂದು ಸಲವೂ ನಿಂತಿರಲಿಲ್ಲ. ಒಳಗೆ 83. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇಷ್ಟು ದುಡ್ಡಿಗೆ ಮೂರು ಗಂಟೆನಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೂ ನಾಲ್ಕು ಬ್ಯಾಟರಿ ಕೊಳ್ಳೋಣ ಅಂತ ಕಾರ್ಟಿಗೆ ಹಾಕಿದ್ದೆ. ಅದನ್ನು ತಡೆದಿದ್ದು 9 ಡಾಲರಿನ ಒಂದು ಥರ್ಮಾಮೀಟರ್. ಎಸಿ ಒಳಗೆಳೆಯುವ ಗಾಳಿಗೂ, ಚಾವಣಿ ಕಿಂಡಿಯಿಂದ ಬರುವ ಗಾಳಿಗೂ ಎಷ್ಟು ವ್ಯತ್ಯಾಸ ಅಂತ ನೋಡಿದೆ. 20 ಡಿಗ್ರಿ ಆಸುಪಾಸು ಇರಬೇಕು. ನನಗೆ ಸಿಕ್ಕಿದ್ದು 13. ತಂಪು ಹುಟ್ಟುತ್ತಿದೆ, ನಮ್ಮ ತನಕ ಬರುತ್ತಿಲ್ಲ.

ಕೆಳಗಿನ ಜಾಲರಿ ಬಿಚ್ಚಿದೆ. ಈ ಎಸಿಗಳು ಕೂರುವುದು 14 ಇಂಚು ಚೌಕದ ಒಂದು ತೂತಿನ ಮೇಲೆ. ತಣ್ಣನೆ ಗಾಳಿ ಇಳಿಯುವುದೂ, ಬೆಚ್ಚನೆ ಗಾಳಿ ಏರುವುದೂ ಅದೇ ತೂತಿನಲ್ಲಿ. ನಡುವೆ ಒಂದು ಅಡ್ಡಗೋಡೆ ಇರುತ್ತದೆ. ನನ್ನದರಲ್ಲಿ ಆ ಗೋಡೆ ಅಂಟು ಬಿಟ್ಟು ಒಂದು ಕಡೆ ವಾಲಿತ್ತು. ತಣ್ಣನೆ ಗಾಳಿ ಕೋಣೆಗೆ ಬರುವ ಮೊದಲೇ ವಾಪಸ್ ಹೋಗುತ್ತಿತ್ತು. ಟಾರ್ಚ್ ಹಾಕಿ ಪಕ್ಕಕ್ಕೆ ನೋಡಿದರೆ ಡಕ್ಟಿಗೂ ತೂತಿಗೂ ನಡುವೆ ಮೂರು ಬೆರಳು ತೂರುವ ಸಂದು. ಉಳಿದ ಗಾಳಿ ತಾರಸಿಯ ಹೊಟ್ಟೆಯೊಳಗೆ ಹೋಗುತ್ತಿತ್ತು. ಆರು ವರ್ಷ ಆ ಟ್ರೇಲರ್ ಅರಿಜೋನಾದ ಆಕಾಶಕ್ಕೆ ಎಸಿ ಹಾಕಿದೆ.

ಅಲ್ಯೂಮಿನಿಯಂ ಫಾಯಿಲ್ ಟೇಪ್ ಎರಡು ಸುರುಳಿ, ಗಟ್ಟಿ ಫೋಮ್ ಹಲಗೆ ಒಂದು. 31 ಡಾಲರ್, ಒಂದು ಭಾನುವಾರ. ಬಟ್ಟೆ ಟೇಪ್ ಮಾತ್ರ ಹಾಕಬೇಡಿ, ಬಿಸಿಗೆ ಅಂಟು ಕರಗಿ ಜೋತುಬೀಳುತ್ತದೆ. ಅಡ್ಡಗೋಡೆ ಹೊಸದು ಕತ್ತರಿಸಿ ನಿಲ್ಲಿಸಿ, ಸಂದುಗಳನ್ನೆಲ್ಲ ಮುಚ್ಚಿದೆ. ಫಿಲ್ಟರ್ ತೊಳೆದೆ. ತಾರಸಿಗೆ ಹೋಗಿ ಕಾಯಿಲಿನ ಬಾಗಿದ ರೆಕ್ಕೆಗಳನ್ನು ಬಾಚಣಿಗೆಯಲ್ಲಿ ನೆಟ್ಟಗೆ ಮಾಡಿದೆ. ಸಂಜೆ ಥರ್ಮಾಮೀಟರ್ ಹಿಡಿದರೆ 20 ಡಿಗ್ರಿ ವ್ಯತ್ಯಾಸ. ಅಷ್ಟು ದುಡ್ಡು ಸುರಿದದ್ದರಲ್ಲಿ ಇಷ್ಟು ಖುಷಿ ಕೊಟ್ಟಿದ್ದು ಈ 31 ಡಾಲರ್ ಒಂದೇ. ಕಾರ್ಟಿನಿಂದ ಬ್ಯಾಟರಿ ತೆಗೆದೆ.

ಅಲ್ಲಿಂದ ನನಗೆ ಒಂಥರಾ ಚಟ ಹತ್ತಿತು. ಎಲ್ಲೆಲ್ಲಿ ಬಿಸಿ ಒಳಗೆ ಬರುತ್ತಿದೆ ಅಂತ ಹುಡುಕುವ ಚಟ.

ಬಚ್ಚಲಿನ ಮೇಲೆ ಬೆಳಕಿಗೆ ಅಂತ ಒಂದು ಪ್ಲಾಸ್ಟಿಕ್ ಗುಮ್ಮಟ ಇದೆ. ಅದರ ಕೆಳಗೆ ಕೈ ಹಿಡಿದರೆ ಹಂಚಿನ ಮೇಲೆ ಹಿಡಿದ ಹಾಗೆ. ಫೋಮ್ ತುಂಬಿದೆ. ಕಿಟಕಿಗೆ ಬೆಳ್ಳಿ ಬಣ್ಣದ ಬಬಲ್ ಶೀಟ್ ಕತ್ತರಿಸಿ ಒಳಗಿನಿಂದ ಸಿಕ್ಕಿಸುತ್ತಾರೆ ಎಲ್ಲರೂ. ನಾನು ಹೊರಗಿನಿಂದ ಹಾಕುತ್ತೇನೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದರೆ ಬಿಸಿ ಅಲ್ಲೇ ಗಾಜಿಗೂ ಶೀಟಿಗೂ ನಡುವೆ ಕೂತು ಒಳಗೇ ಬರುತ್ತದೆ. ಹೊರಗೇ ತಡೆದರೆ ಆ ರಗಳೆ ಇಲ್ಲ.

ನಿಲ್ಲಿಸುವ ದಿಕ್ಕೂ ಮುಖ್ಯ. ನಮ್ಮ ಟ್ರೇಲರ್‌ನ ಬಾಗಿಲು, ಬಿಚ್ಚುವ ಚಪ್ಪರ ಎರಡೂ ಬಲಗಡೆ. ಮೂತಿ ಪೂರ್ವಕ್ಕೆ ಇಟ್ಟರೆ ಚಪ್ಪರ ದಕ್ಷಿಣಕ್ಕೆ ಬರುತ್ತದೆ. ಸಂಜೆಯ ಪಶ್ಚಿಮದ ಬಿಸಿಲು ಹಿಂಬದಿಯ ಎಂಟಡಿ ಗೋಡೆಗೆ ಮಾತ್ರ ಬೀಳುತ್ತದೆ, 22 ಅಡಿಯ ಉದ್ದನೆ ಗೋಡೆಗೆ ಬೀಳುವುದಿಲ್ಲ. ಅವ್ವನಿಗೆ ಇದು ಸರಿಬರಲಿಲ್ಲ. "ದಕ್ಷಿಣಕ್ಕ ಬಾಗಿಲಾ ಇಟ್ಕೊಂಡು ಯಾರರ ಮಲಗ್ತಾರೇನು?" ಎರಡು ರಾತ್ರಿಗೆ ಪರವಾಗಿಲ್ಲ ಅಂತ ಒಪ್ಪಿಸಿದೆ.

ಅಡುಗೆ ಹೊರಗೆ. ಇದು ಖಡಾಖಂಡಿತ. ಟ್ರೇಲರ್ ಒಳಗಿನ ಗ್ಯಾಸ್ ಒಲೆಯ ಒಂದು ಉರಿಯೇ 6,500ರಿಂದ 9,000 ಬಿಟಿಯು. ಎಸಿ ಹೊರಹಾಕುವ ಬಿಸಿಯ ಅರ್ಧವನ್ನು ಒಂದು ಒಲೆ ಒಳಗೆ ತುಂಬುತ್ತದೆ. ಚಪ್ಪರದ ಕೆಳಗೆ ಮಡಚುವ ಒಲೆ ಇಟ್ಟುಕೊಟ್ಟೆ. ಅವ್ವ ಅಲ್ಲೇ ಜೋಳದ ರೊಟ್ಟಿ ಬಡಿದರು. ಪಕ್ಕದ ಟ್ರೇಲರ್‌ನವರು ಸದ್ದು ಕೇಳಿ ಏನೋ ರಿಪೇರಿ ಅಂದುಕೊಂಡು ಸಹಾಯಕ್ಕೆ ಬಂದರು. ಎರಡು ರೊಟ್ಟಿ ತಿಂದು ಹೋದರು.

ಇನ್ನು ಫ್ಯಾನ್ ಗುಂಡಿ. ಇದನ್ನು ಯಾರೂ ಹೇಳುವುದಿಲ್ಲ. ಥರ್ಮೋಸ್ಟಾಟಿನಲ್ಲಿ ಫ್ಯಾನಿಗೆ ಆನ್ ಮತ್ತು ಆಟೋ ಎರಡು ಇರುತ್ತವೆ. ಆನ್ ಇಟ್ಟರೆ ಕಂಪ್ರೆಸರ್ ನಿಂತರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ತಾರಸಿ ಎಸಿಯ ಫ್ಯಾನ್ ನಮ್ಮ ಮನೆಯ ಸೀಲಿಂಗ್ ಫ್ಯಾನ್ ಅಲ್ಲ. ನನ್ನದು ಜೋರಲ್ಲಿ 250 ವ್ಯಾಟ್ ತಿನ್ನುತ್ತದೆ. ಒಂಬತ್ತು ಗಂಟೆ ಉದ್ದದ ರಾತ್ರಿಗೆ ಎರಡು ಯೂನಿಟ್‌ಗಿಂತ ಜಾಸ್ತಿ. ಐದರಲ್ಲಿ ಎರಡು, ಬರೀ ಗಾಳಿಗೆ! ಆಟೋಗೆ ಹಾಕಿದೆ. ಹಾಸಿಗೆ ಪಕ್ಕ ಒಂದು ಚಿಕ್ಕ 12 ವೋಲ್ಟ್ ಫ್ಯಾನ್ ಇಟ್ಟೆ. ಅದಕ್ಕೆ ಹತ್ತು ವ್ಯಾಟ್ ಸಾಕು.

ಸೋಲಾರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 600 ವ್ಯಾಟ್ ಪ್ಯಾನೆಲ್ ಮಲಗಿಸಿ ಇಟ್ಟಾಗ ಜೂನ್‌ನ ಒಳ್ಳೆಯ ದಿನಕ್ಕೆ 3 ಯೂನಿಟ್ ಕೊಡುತ್ತದೆ. ಎಸಿಗೆ ಅದು ಎರಡು ಗಂಟೆಯ ಊಟ. ಬರೀ ಬಿಸಿಲಿನಿಂದ ಹಗಲೆಲ್ಲ ಎಸಿ ಅನ್ನುವವರು ಒಂದೋ ಟ್ರೇಲರ್ ತುಂಬಾ ದೊಡ್ಡದು ಇಟ್ಟುಕೊಂಡಿದ್ದಾರೆ, ಇಲ್ಲಾ ಏನೋ ಮಾರುತ್ತಿದ್ದಾರೆ. ಒಂದು ಉಪಕಾರ ಮಾತ್ರ ಲೆಕ್ಕದಲ್ಲಿ ಇರಲಿಲ್ಲ. ಪ್ಯಾನೆಲ್ ತಾರಸಿಗೆ ನೆರಳು.

ಈಗ ಆ ರಾತ್ರಿ. ಜುಲೈ, ಲೇಕ್ ಪವೆಲ್ ದಂಡೆಯ ಲೋನ್ ರಾಕ್ ಬೀಚ್. ಯೂಟಾ ಗಡಿ ದಾಟಿದ ಕೂಡಲೇ ಸಿಗುತ್ತದೆ, ನಮ್ಮಿಂದ ಐದು ಗಂಟೆ ದಾರಿ. ಮರಳ ಮೇಲೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕಂಬ ಇಲ್ಲ, ಒಂದು ಮರವೂ ಇಲ್ಲ. ಹಗಲೆಲ್ಲ ನೀರಲ್ಲಿದ್ದೆವು, ಎಸಿ ಮುಟ್ಟಲಿಲ್ಲ. ಬ್ಯಾಟರಿ ಮಧ್ಯಾಹ್ನಕ್ಕೇ ತುಂಬಿತ್ತು. ಫ್ರಿಜ್ ಓಡುತ್ತಿದ್ದದ್ದು ಗ್ಯಾಸಿನಿಂದ, ಬ್ಯಾಟರಿಯಿಂದಲ್ಲ. ಸಂಜೆ ಏಳೂವರೆಗೆ ಹೊರಗೆ 94, ಒಳಗೆ 97. ಎಸಿ 78ಕ್ಕೆ ಇಟ್ಟೆ. ಮೊದಲ ಒಂದು ಗಂಟೆ ಅದು ನಿಲ್ಲಲೇ ಇಲ್ಲ. ಗೋಡೆ, ಹಾಸಿಗೆ, ಪಾತ್ರೆ, ಎಲ್ಲದರ ಬಿಸಿ ಇಳಿಯಬೇಕಲ್ಲ. ಎಂಟೂವರೆಗೆ ಮೊದಲ ಸಲ ಕಂಪ್ರೆಸರ್ ನಿಂತಿತು. ನಾನು ಫೋನಿನಲ್ಲಿ ಶಂಟ್ ನೋಡುತ್ತಾ ಕೂತಿದ್ದೆ. 118 ಆಂಪಿಯರ್ ಇದ್ದದ್ದು ಧಬಕ್ಕನೆ 4ಕ್ಕೆ ಇಳಿಯಿತು. ಮಗಳು "ಪಪ್ಪ, ಕ್ರಿಕೆಟ್ ಸ್ಕೋರಾ?" ಅಂದಳು. ಹನ್ನೊಂದರವರೆಗೆ ಅರ್ಧ ಹೊತ್ತು ಓಡಿತು. ಆಮೇಲೆ ಮೂರರಲ್ಲಿ ಒಂದು ಪಾಲು.

ಹನ್ನೆರಡೂವರೆಗೆ ಕತ್ತಲಲ್ಲಿ ಅಪ್ಪನ ದನಿ. "ಚಳಿ ಆಗ್ಲಿಕತ್ತೈತಿ, ಬಂದ್ ಮಾಡಪಾ ಅದನ್ನ." ಹೊರಗೆ 79ಕ್ಕೆ ಇಳಿದಿತ್ತು. ಎಸಿ ಆರಿಸಿ, ಕಿಟಕಿ ತೆಗೆದು, ತಾರಸಿಯ 12 ವೋಲ್ಟ್ ಫ್ಯಾನ್ ಹಾಕಿದೆ. ಕೆರೆ ಮೇಲಿನ ಗಾಳಿ ಬಂತು. ಬೆಳಿಗ್ಗೆ ಆರಕ್ಕೆ ಶಂಟ್ ತೋರಿಸಿದ್ದು 16%. ಅದೇ ಎಸಿ, ಅದೇ ನಾಲ್ಕು ಬ್ಯಾಟರಿ. ಮನೆ ಮುಂದೆ ಮೂರು ಗಂಟೆಗೆ ಕೈಕೊಟ್ಟಿದ್ದು ಇಲ್ಲಿ ಮಲಗುವ ಹೊತ್ತನ್ನೆಲ್ಲ ದಾಟಿಸಿತು.

ಇನ್ವರ್ಟರ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಬಾಕಿ ಇದೆ. ಮಲ್ಟಿಪ್ಲಸ್‌ನಲ್ಲಿ ಪವರ್ ಅಸಿಸ್ಟ್ ಅಂತ ಒಂದಿದೆ. ಸ್ಯಾನ್ ಡಿಯಾಗೋದಲ್ಲಿ ಗೆಳೆಯನ ಮನೆ ಮುಂದೆ ನಿಲ್ಲಿಸಿದಾಗ ಅದರ ಬೆಲೆ ಗೊತ್ತಾಯಿತು. ಅವನ ಗ್ಯಾರೇಜಿನ ಸಾಕೆಟ್ 15 ಆಂಪಿಯರಿನದು. ಅದರಲ್ಲೇ ಅವನ ಇನ್ನೊಂದು ಫ್ರಿಜ್ಜೂ ಇತ್ತು. 8 ಆಂಪಿಯರ್‌ಗಿಂತ ಜಾಸ್ತಿ ಎಳೆಯಬೇಡ ಅಂತ ಇನ್ವರ್ಟರ್‌ಗೆ ಹೇಳಿಟ್ಟೆ. ಎಸಿ ಓಡುವಾಗ 8 ಅಲ್ಲಿಂದ, ಉಳಿದ 4 ಬ್ಯಾಟರಿಯಿಂದ. ಎಸಿ ನಿಂತಾಗ ಅದೇ 8ರಲ್ಲಿ ಬ್ಯಾಟರಿ ತುಂಬುತ್ತದೆ. ಮೂರು ದಿನ ಇದ್ದೆವು, ಅವನ ಬ್ರೇಕರ್ ಒಮ್ಮೆಯೂ ಬೀಳಲಿಲ್ಲ. ಒಂದು ಮಾತ್ರ ನೆನಪಿಡಿ. ಹೆಸರಲ್ಲಿ 3000 ಇದ್ದರೂ ಬಿಡದೆ ಕೊಡುವುದು 2,400 ವ್ಯಾಟ್, ಅದೂ ತಂಪು ಜಾಗದಲ್ಲಿ. ಹಾಗಾಗಿ ಎಸಿ ಓಡುವಾಗ ಮೈಕ್ರೋವೇವ್ ಇಲ್ಲ. ಇದು ಕಂಪನಿ ಕಾಗದದಲ್ಲೇ ಬರೆದಿರುವ ವಿಷಯ. ನಾವು ಅವ್ವನ ಹಾಲು ಕಾಯಿಸುವಾಗ ಅಲಾರಂ ಕೇಳಿ ಕಲಿತೆವು.

ಇಷ್ಟೆಲ್ಲ ಬೇಕಾ? ಲೆಕ್ಕ ಹೀಗಿದೆ. ಬ್ಯಾಟರಿ, ಇನ್ವರ್ಟರ್, ಸಾಫ್ಟ್ ಸ್ಟಾರ್ಟರ್, ಕೇಬಲ್ ಸೇರಿ ನನಗೆ 3,900 ಡಾಲರ್ ಬಿದ್ದಿದೆ, ಅಂಗಡಿ ಕೂಲಿ ಬಿಟ್ಟು. ಪ್ಯಾನೆಲ್ ಹಳೇ ಮಾಲೀಕರೇ ಹಾಕಿಸಿದ್ದರು. ಒಳ್ಳೆಯ ಚಿಕ್ಕ ಜನರೇಟರ್‌ಗೆ ಇದರ ಮೂರರಲ್ಲಿ ಒಂದು ಪಾಲು ಸಾಕು. ಅದು ಪೆಟ್ರೋಲ್ ಇರುವಷ್ಟು ಹೊತ್ತು ಎಸಿ ಓಡಿಸುತ್ತದೆ. ಆದರೆ ರಾತ್ರಿ ಅದನ್ನು ಹಾಕಲು ಎಷ್ಟೋ ಕಡೆ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಬೆಳಿಗ್ಗೆ, ಸಂಜೆ ಗೊತ್ತಾದ ಹೊತ್ತಿಗೆ ಮಾತ್ರ. ಅಲ್ಲಿ ಅದರ ಚಿಂತೆಯೂ ಇಲ್ಲ ಬಿಡಿ. 7,000 ಅಡಿ ಎತ್ತರ, ಜೂನ್ ರಾತ್ರಿಯಲ್ಲೂ ಕಂಬಳಿ ಬೇಕು. ಬೇಸಿಗೆಯಲ್ಲಿ ನೀವು ಎತ್ತರದ ಜಾಗಕ್ಕೇ ಹೋಗುವವರಾದರೆ ಈ ಯಾವ ಖರ್ಚೂ ಬೇಡ.

ವ್ಯಾನ್ ಅಥವಾ ಟೆಂಟ್ ಇರುವವರಿಗೆ ತಾರಸಿ ಎಸಿಗಿಂತ ಪೋರ್ಟಬಲ್ ವಾಸಿ. ಇಕೋಫ್ಲೋ ವೇವ್ 2 ಅನ್ನುವುದು 5,100 ಬಿಟಿಯು, ಅದಕ್ಕೆ ಸೇರಿಸುವ ಬ್ಯಾಟರಿ 1,159 ವ್ಯಾಟ್ ಅವರ್. ಒಂದು ಹಾಸಿಗೆಯ ಜಾಗಕ್ಕೆ ಸಾಕು, ನಮ್ಮ ಐದು ಜನರ ಟ್ರೇಲರ್‌ಗೆ ಸಾಲದು.

ಹೊಟ್ಟೆಕಿಚ್ಚಿನ ಒಂದು ಮಾತು. ರಾಯಚೂರಿನಲ್ಲಿ ನನ್ನ ತಮ್ಮ ಕಳೆದ ವರ್ಷ ಮನೆಗೆ 5 ಸ್ಟಾರ್ ಇನ್ವರ್ಟರ್ ಎಸಿ ಹಾಕಿಸಿದ. ಅದರ ಕಂಪ್ರೆಸರ್ ಮೆಲ್ಲಗೆ ಎದ್ದು, ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ಏಳುವಾಗಿನ ಹೊಡೆತವೇ ಇಲ್ಲ, ಸಾಫ್ಟ್ ಸ್ಟಾರ್ಟರ್ ಬೇಕೇ ಇಲ್ಲ. ನಮ್ಮ ತಾರಸಿಯ ಮೇಲಿನದು ಇನ್ನೂ ಆನ್ ಅಂದರೆ ಪೂರ್ತಿ ಆನ್, ಆಫ್ ಅಂದರೆ ಪೂರ್ತಿ ಆಫ್. ಆರ್‌ವಿಗೂ ಈಗ ವೇಗ ಬದಲಿಸುವ ಎಸಿಗಳು ಬಂದಿವೆ. ನನ್ನದು ಕೆಡುವ ದಿನ ಅದನ್ನೇ ತರುತ್ತೇನೆ. ಕೆಡುವ ಲಕ್ಷಣ ಮಾತ್ರ ಕಾಣುತ್ತಿಲ್ಲ. ಅಷ್ಟು ಮೆತ್ತಗೆ ಎಬ್ಬಿಸುತ್ತಿರುವುದರಿಂದಲೋ ಏನೋ.

ಹಾಗಾಗಿ ಸಾಫ್ಟ್ ಸ್ಟಾರ್ಟರ್‌ಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಇನ್ವರ್ಟರ್‌ಗೆ ಐದಕ್ಕೆ ಐದು. ಟೇಪ್ ಮತ್ತು ಫೋಮಿಗೆ ಆರು ಕೊಡುವ ಹಾಗಿದ್ದರೆ ಆರು. ಬ್ಯಾಟರಿಗಳನ್ನು ಮಾತ್ರ ಈಗ ಬಿಚ್ಚಿ ಮನೆಯೊಳಗೆ ತಂದಿಟ್ಟಿದ್ದೇನೆ, ಅರ್ಧ ಚಾರ್ಜಿನಲ್ಲಿ. ಆಗಸ್ಟಿನಲ್ಲಿ ನಿಂತ ಟ್ರೇಲರ್‌ನ ಒಳಗೆ 130 ಡಿಗ್ರಿ ಆಗುತ್ತದೆ, ಲಿಥಿಯಂಗೆ ಅದು ಆಗಿಬರುವುದಿಲ್ಲ. ದೇವರ ಕೋಣೆಯ ಮೂಲೆ ಒಂದೇ ಖಾಲಿ ಇತ್ತು. ಹೆಂಡತಿ ಅವುಗಳ ಮೇಲೆ ಒಂದು ಬಟ್ಟೆ ಹೊದಿಸಿದ್ದಾಳೆ.